ತಂಗಡಗಿಯಲ್ಲಿ ಬದುಕಿದಳು, ಇಂಗಳೇಶ್ವರದಲ್ಲಿ ಸತ್ತಳು

ಚಾಂದಸಾಬನ ಸಂಕಟಕ್ಕೆಲ್ಲ ಮೂಲ ಅವನು ಮೊಮ್ಮಗಳಿಗೆ ಹೇಳಿದ ಕತೆ. ಊರ ಮಂದಿಯ ಹಾಗೆ ಕಾಗಕ್ಕ-ಗುಬ್ಬಕ್ಕನ ಕತೆ ಹೇಳಿ ಮಲಗಿಸಿದ್ದರೆ ಏನೂ ಆಗುತ್ತಿರಲಿಲ್ಲ. ಇವನು ತಾನು ಆಪರೇಟರ್ ಆಗಿದ್ದ ಟೆಂಟ್ ಟಾಕೀಸಿನ ಕತೆ ಹೇಳಿದ. ಅದನ್ನು ಕೇಳಿ ಬೆಳೆದ ಅಲ್ಮಾಸ ಈಗ ಮುದ್ದೇಬಿಹಾಳದ ಕಾಲೇಜಿನಲ್ಲಿ ಬಿ.ಎಸ್ಸಿ. ಕಡೆಯ ವರ್ಷ ಓದುತ್ತಿದ್ದಳು. ಕೇಳಿದ್ದನ್ನು ಮರೆಯುವ ಚಟ ಅವಳಿಗಿರಲಿಲ್ಲ.

"ಅಜ್ಜಾ, ಇವತ್ತ ನನ್ನ ಸೆಮಿನಾರ್ ಐತಿ. ನಿನ್ನ ರೀಲಿನ ಡಬ್ಬಿ, ಕತ್ತರಿ, ಅಂಟಿನ ಶೀಸೆ ತಗೊಂಡು ನೀನೂ ಬಾ" ಎಂದಳು ಮುಂಜಾನೆ.

"ಏನ ವಿಷಯ?"

"ಆರ್‌ಎನ್‌ಎ ಸ್ಪ್ಲೈಸಿಂಗ್. ನೀ ಟೆಂಟಿನ್ಯಾಗ ಮಾಡ್ತಿದ್ದ ಕೆಲಸಾನ ನಮ್ಮ ಮೈಯಾಗಿನ ಒಂದೊಂದು ಕೋಶಾನೂ ಮಾಡತೈತಿ. ಒಂದ ರೀಲು, ಕತ್ತರಿಸಿ ಜೋಡಿಸಿದಂಗ ಬ್ಯಾರೆ ಬ್ಯಾರೆ ಸಿನಿಮಾ. ನೀ ಆ ಸಿನಿಮಾದಾಗಿನ ಅವ್ವನ್ನ ತಂಗಡಗಿಯಾಗ ಬದುಕಿಸಿದ್ದು, ಇಂಗಳೇಶ್ವರದಾಗ ಸಾಯಿಸಿದ್ದು, ಎಲ್ಲಾ ಹೇಳ್ತೇನಿ."

ಚಾಂದಸಾಬನ ಬಾಯಿಗೆ ಹೊರಟ ಚಹಾ ಗಡ್ಡದ ಮೇಲೆ ಇಳಿಯಿತು. "ಅದನ್ನೊಂದು ಬಿಡು" ಎಂದ.

"ಅದನ್ನ ಬಿಟ್ಟರ ಸೆಮಿನಾರಿನ್ಯಾಗ ಏನ ಉಳೀತೈತಿ?" ಎಂದು ಅಲ್ಮಾಸ ಕೈತೊಳೆಯಲು ಎದ್ದಳು. ಚಾಂದಸಾಬನ ಹೆಂಡತಿ ಹಜರಾಬಿ ಆಗಲೇ ಟ್ರಂಕು ಎಳೆದು ಡಬ್ಬಿಯ ಧೂಳು ಒರೆಸುತ್ತಿದ್ದಳು. ನಲವತ್ತು ವರ್ಷದಿಂದ ಜಾಗ ಹಿಡಿದು ಕೂತಿದ್ದ ಆ ಡಬ್ಬಿ ಒಂದು ದಿನವಾದರೂ ಮನೆ ಬಿಡುತ್ತದಲ್ಲ ಎಂಬ ಸಮಾಧಾನ ಅವಳಿಗೆ.

ಚಾಂದಸಾಬ ಹೆದರಿದ್ದಕ್ಕೆ ಕಾರಣವಿತ್ತು. ಆ ಕಾಲದಲ್ಲಿ ಬಾಬುಲಾಲನ ಟೆಂಟು ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳದ ಹಳ್ಳಿಗಳನ್ನೆಲ್ಲ ಸುತ್ತುತ್ತಿತ್ತು. ಸಂಜೆ ನೆಲಕ್ಕೆ ನೀರು ಹೊಡೆದರೆ ಏಳುತ್ತಿದ್ದ ಮಣ್ಣಿನ ವಾಸನೆ, ಗಂಡಸರಿಗೂ ಹೆಂಗಸರಿಗೂ ನಡುವೆ ಕಟ್ಟಿದ ಹರಕು ಸೀರೆ, ಚುರಮುರಿಯ ಪೊಟ್ಟಣದ ಸಪ್ಪಳ. ಅಂಥ ಸುಖ ಆಮೇಲೆ ಯಾವ ಥೇಟರಿನಲ್ಲೂ ಸಿಗಲಿಲ್ಲ, ಸಿಗುವುದೂ ಇಲ್ಲ. ಸಿನಿಮಾ ಎಷ್ಟು ಉದ್ದ ಇರಬೇಕು, ಹೇಗೆ ಮುಗಿಯಬೇಕು ಎನ್ನುವುದನ್ನು ಮಾತ್ರ ಮಾಲೀಕ ಬಾಬುಲಾಲ ತೀರ್ಮಾನಿಸುತ್ತಿದ್ದ. ಚಾಂದಸಾಬ ಕತ್ತರಿ ಹಿಡಿಯುತ್ತಿದ್ದ.

ಒಂದು ತಾಯಿ-ಮಗನ ಸಿನಿಮಾ ಬಂದಿತ್ತು. ಕೊನೆಯ ಡಬ್ಬಿಯಲ್ಲಿ ಎರಡು ತುಣುಕು: ಒಂದರಲ್ಲಿ ತಾಯಿ ಮಗನ ತೊಡೆಯ ಮೇಲೆ ಪ್ರಾಣ ಬಿಡುತ್ತಾಳೆ, ಇನ್ನೊಂದರಲ್ಲಿ ಅದೇ ತಾಯಿ ಮಗನ ಮದುವೆಯಲ್ಲಿ ಅಕ್ಕಿಕಾಳು ಹಾಕುತ್ತಾಳೆ. ಬಾಬುಲಾಲ ಹೇಳಿದ್ದ: "ತಂಗಡಗಿಯಾಗ ಹೆಣ್ಣಮಕ್ಕಳು ಹೆಚ್ಚು. ಅಳಿಸಿ ಕಳಿಸಿದರ ನಾಳಿ ಬರಂಗಿಲ್ಲ. ಅಲ್ಲಿ ಲಗ್ನ ಹಾಕು. ಇಂಗಳೇಶ್ವರದಾಗ ಕಡೀ ಬಸ್ಸು ಒಂಬತ್ತೂವರಿಗೆ. ಲಗ್ನದ ಹಾಡು ಉದ್ದ ಐತಿ, ಅಷ್ಟು ಹೊತ್ತಿಲ್ಲ. ಅಲ್ಲಿ ಅವ್ವ ಸಾಯಲಿ."

ತಂಗಡಗಿಯವನಾದ ಮಲ್ಲಣ್ಣ ತನ್ನೂರಲ್ಲಿ ಸಿನಿಮಾ ನೋಡಿದ. ಇಂಗಳೇಶ್ವರದ ನಿಜಾಮುದ್ದೀನ ತನ್ನೂರಲ್ಲಿ ನೋಡಿದ. ಇಬ್ಬರೂ ಮುದ್ದೇಬಿಹಾಳದ ಮಾರ್ಕೆಟ್ ಯಾರ್ಡಿನಲ್ಲಿ ಗುಮಾಸ್ತರು, ಒಂದೇ ಖೋಲಿಯಲ್ಲಿ ಇದ್ದು ಒಂದೇ ಸ್ಟೋವಿನಲ್ಲಿ ಬೇಯಿಸಿ ಉಣ್ಣುತ್ತಿದ್ದವರು. ನಿಜಾಮುದ್ದೀನನ ತಾಯಿ ತೀರಿ ಆಗ ಮೂರು ತಿಂಗಳಾಗಿತ್ತು. ಅವನು ಆ ಸಿನಿಮಾ ನೆನೆಸಿಕೊಂಡು, "ಅವ್ವ ಸಾಯೂದ ನೋಡಿ ಎದಿ ಒಡದಂಗಾತೋ" ಎಂದು ಕಣ್ಣೊರೆಸಿಕೊಂಡಾಗ ಮಲ್ಲಣ್ಣ ನಕ್ಕುಬಿಟ್ಟ. "ಯಾವ ಅವ್ವ ಸತ್ತಾಳೋ? ಮಗನ ಲಗ್ನದಾಗ ಅಕ್ಕಿಕಾಳು ಹಾಕಿದ್ದ ನಾ ಕಣ್ಣಾರೆ ನೋಡೇನಿ." ತನ್ನ ದುಃಖವನ್ನು ಚೇಷ್ಟೆ ಮಾಡಿದನೆಂದು ನಿಜಾಮುದ್ದೀನ ತಿಳಿದ. ತನ್ನನ್ನು ಸುಳ್ಳ ಎಂದನೆಂದು ಮಲ್ಲಣ್ಣ ತಿಳಿದ. ಮಾತಿಗೆ ಮಾತು ಬೆಳೆದು ಖೋಲಿ ಎರಡಾಯಿತು, ಸ್ಟೋವು ಮೂರನೆಯವನ ಪಾಲಾಯಿತು.

ಇಬ್ಬರೂ ಗೆಳೆಯ ಚಾಂದಸಾಬನ ಬಳಿ ನ್ಯಾಯಕ್ಕೆ ಬಂದರು. ಅವನು, "ನಾ ಮಷೀನ್ ನೋಡ್ಕೊಂಡಿದ್ದೆಪಾ, ಪರದೆ ನೋಡಿಲ್ಲ" ಎಂದ. ನಿಜ ಹೇಳಿದರೆ ನಾಲ್ಕು ತಾಲೂಕಿನ ಜನ ಟೆಂಟಿಗೆ ಬೆಂಕಿ ಹಚ್ಚುತ್ತಿದ್ದರು. ಮುಂದೆ ಬಾಬುಲಾಲ ತೀರಿಕೊಂಡ, ಟೆಂಟು ಮುಚ್ಚಿತು. ಆದರೂ ಹೇಳಲಾಗಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಮಲ್ಲಣ್ಣ ಮುಂಜಾನೆ ಏಳಕ್ಕೆ, ನಿಜಾಮುದ್ದೀನ ಸಂಜೆ ಐದಕ್ಕೆ ಚಾಂದಸಾಬನ ಕಟ್ಟೆಗೆ ಚಹಾಕ್ಕೆ ಬರುವ ರೂಢಿ ಬಿದ್ದಿತ್ತು. ಈ ಎರಡು ಚಹಾದ ನಡುವೆಯೇ ಅವನ ಮುಪ್ಪು ಆರಾಮಾಗಿ ನಡೆದಿತ್ತು. ಆದರೂ ಇಬ್ಬರೂ ಒಟ್ಟಿಗೆ ಕೂತಿದ್ದ ಕಾಲ ನೆನಪಾದಾಗ ಅವನಿಗೆ ಚಹಾ ಸಪ್ಪೆ ಎನಿಸುತ್ತಿತ್ತು.

ಇವತ್ತು ಇಬ್ಬರೂ ಸೆಮಿನಾರಿಗೆ ಬರುವವರಿದ್ದರು. ಮಲ್ಲಣ್ಣ ಕಾಲೇಜು ಸಮಿತಿಯ ಸದಸ್ಯ. ನಿಜಾಮುದ್ದೀನನ ಮೊಮ್ಮಗಳು ಶಬಾನಾ ಅಲ್ಮಾಸಳ ಸಹಪಾಠಿ.

"ನನಗ ಹೊಟ್ಟಿ ಕಡಿತೈತಿ" ಎಂದ ಚಾಂದಸಾಬ. ಹಜರಾಬಿ ಓಮಿನ ಕಾಳು ತಿನ್ನಿಸಿ ಆಟೋದಲ್ಲಿ ಕೂಡಿಸಿದಳು.

ಬಸ್‌ಸ್ಟ್ಯಾಂಡಿನ ಹತ್ತಿರ ಆಟೋ ಗುಂಡಿಗೆ ಇಳಿಯಿತು. ಚಾಂದಸಾಬನ ಕೈಯಿಂದ ಡಬ್ಬಿ ಜಾರಿತು. ಜಾರಿಸಿದ ಎನ್ನುವುದೇ ಸರಿ. ರೀಲೆಲ್ಲ ಬಿಚ್ಚಿಕೊಂಡು ರಸ್ತೆಯುದ್ದಕ್ಕೂ ಓಡಿತು. ಹೋದರೆ ಹೋಗಲಿ, ಯಾವುದಾದರೂ ಲಾರಿ ಹಾಯ್ದು ಪುಣ್ಯ ಕಟ್ಟಿಕೊಳ್ಳಲಿ ಎಂದು ಅವನು ಕಣ್ಣು ಮುಚ್ಚಿದ.

ಆದರೆ ಮುದ್ದೇಬಿಹಾಳದ ಮಂದಿ ಅಂಥವರಲ್ಲ. ಬಾಳೆಹಣ್ಣಿನವನು ಬಂಡಿ ಅಡ್ಡ ನಿಲ್ಲಿಸಿದ. ಬಸ್ಸೊಂದು ತಾನಾಗಿ ನಿಂತಿತು. ಐವತ್ತು ದಾಟಿದವರೆಲ್ಲ ಒಂದೊಂದು ಮಾರು ರೀಲು ಹಿಡಿದು ಬಿಸಿಲಿಗೆ ಎತ್ತಿ ನೋಡತೊಡಗಿದರು. "ಬಾಬುಲಾಲನ ಟೆಂಟಿಂದೇನ್ರಿ ಇದು? ನಮ್ಮಪ್ಪ ನನ್ನ ಹೆಗಲ ಮ್ಯಾಲ ಕುಂದ್ರಿಸಿಕೊಂಡು ಹೋಗ್ತಿದ್ದ" ಎಂದು ಒಬ್ಬ ತನ್ನ ಕೈಯ ತುಣುಕನ್ನು ಪಕ್ಕದವನಿಗೆ ತೋರಿಸಿದ. ಒಂದು ತುಣುಕೂ ಕಳೆಯಲಿಲ್ಲ. ಕೊನೆಯ ತುದಿಯನ್ನು ಸುತ್ತುತ್ತ ಬಂದವನು ಸಾಕ್ಷಾತ್ ನಿಜಾಮುದ್ದೀನ.

"ಚಾಂದ, ನಿನ್ನ ಮಾಲು ಬಜಾರದಾಗ ಬಿದ್ದಿತ್ತಲ್ಲೋ" ಎನ್ನುತ್ತ ಅವನೂ ಆಟೋ ಹತ್ತಿ ಪಕ್ಕದಲ್ಲಿ ಕೂತ. "ಇದರ ವಾಸನಿ ತಗೊಂಡು ಎಷ್ಟು ವರ್ಸ ಆತು." ಚಾಂದಸಾಬ ಓಮಿನ ಕಾಳು ಅಗಿಯುತ್ತ ಡಬ್ಬಿಯ ಮುಚ್ಚಳ ಒತ್ತಿದ.

ಕಾಲೇಜಿನಲ್ಲಿ ಮುಂದಿನ ಸಾಲಿನಲ್ಲಿ ಮಲ್ಲಣ್ಣ, ಒಂದು ಖಾಲಿ ಖುರ್ಚಿ, ಆಮೇಲೆ ನಿಜಾಮುದ್ದೀನ. ಖಾಲಿ ಖುರ್ಚಿಯ ಮೇಲೆ ಶಬಾನಾಳ ಚೀಲ. ಇಬ್ಬರೂ ಎದುರಿನ ಗೋಡೆ ನೋಡುತ್ತಿದ್ದರು.

ಅಲ್ಮಾಸ ಶುರು ಮಾಡಿದಳು. "ಕೋಶದ ನಡುವ ಡಿಎನ್‌ಎ ಐತಿ. ಅದು ಮೂಲ ಪ್ರತಿ, ಹೊರಗ ಬರಂಗಿಲ್ಲ. ಅದರದೊಂದು ನಕಲು ಆಗತೈತಿ, ಅದ ಆರ್‌ಎನ್‌ಎ. ಅದರಾಗ ಬೇಕಾದ ತುಣುಕಿಗೆ ಎಕ್ಸಾನ್ ಅಂತಾರ, ನಡುನಡುವ ಬರೋ ಬ್ಯಾಡಾದ್ದಕ್ಕ ಇಂಟ್ರಾನ್. ಇಂಟ್ರಾನ್ ಕತ್ತರಿಸಿ ಒಗದು ಎಕ್ಸಾನ್ ಜೋಡಸೂದಕ್ಕ ಕೋಶದಾಗ ಒಂದು ಯಂತ್ರಾನ ಐತಿ. ಆದ್ರ ಪ್ರತೀ ಸಲ ಎಲ್ಲಾ ಎಕ್ಸಾನೂ ಜೋಡಸಂಗಿಲ್ಲ. ಕೆಲವು ಕಡೆ ಎರಡರಾಗ ಒಂದ ಇರಬೇಕು, ಇದಿದ್ದರ ಅದಿಲ್ಲ. ಹಿಂಗಾಗಿ ಒಂದ ಜೀನಿನಿಂದ ಮಿದುಳಿನ್ಯಾಗ ಒಂದು ಪ್ರೋಟೀನು, ಸ್ನಾಯುವಿನ್ಯಾಗ ಇನ್ನೊಂದು."

"ಯಾವುದು ಇಡಬೇಕು, ಯಾವುದು ಬಿಡಬೇಕು ಅಂತ ಯಾರು ತೀರ್ಮಾನ ಮಾಡ್ತಾರ?" ಎಂದು ಸುವರ್ಣಾ ಮೇಡಂ ಕೇಳಿದರು. ಜೀವಶಾಸ್ತ್ರದ ಅಧ್ಯಾಪಕಿ, ಮಾರ್ಕು ಅವರ ಕೈಯಲ್ಲಿತ್ತು.

"ಅದಕ್ಕ ಬ್ಯಾರೆ ಪ್ರೋಟೀನು ಅದಾವ್ರಿ ಮೇಡಂ. ಕೆಲವು ಆರ್‌ಎನ್‌ಎ ಮ್ಯಾಲ ಬಂದು ಕುಂತು ಈ ತುಣುಕು ಇಟ್ಕೋ ಅಂತಾವು, ಕೆಲವು ಇದನ್ನ ದಾಟಿ ಹೋಗು ಅಂತಾವು. ಯಾವ ಕೋಶದಾಗ ಯಾರ ಕೈ ಮ್ಯಾಲೋ ಅಲ್ಲಿ ಅವರ ಮಾತು ನಡೀತೈತಿ. ನಮ್ಮ ಅಜ್ಜನ ಟೆಂಟಿನ್ಯಾಗೂ ಹಿಂಗ. ಅಜ್ಜಾ, ಆ ಸಿನಿಮಾದ್ದು ನೀನ ಹೇಳು."

ಚಾಂದಸಾಬ ಎದ್ದ. ಗಂಟಲು ಕಟ್ಟಿದೆ ಎನ್ನೋಣವೆಂದು ಬಾಯಿ ತೆರೆದ, ಸುವರ್ಣಾ ಮೇಡಂ ಬಿಸಿನೀರಿನ ಲೋಟ ಮುಂದೆ ಹಿಡಿದರು. ಕುಡಿದ. ಎದುರಿನ ಎರಡು ಬಿಳಿ ತಲೆಗಳನ್ನೂ ನಡುವಿನ ಚೀಲವನ್ನೂ ನೋಡಿದ. ಇಬ್ಬರಿಗೂ ಎಪ್ಪತ್ತು ಹತ್ತಿರ ಬಂತು. ಇನ್ನೆಷ್ಟು ದಿನ ಹೀಗೆ ಗೋಡೆ ನೋಡಬೇಕು ಇವರು ಎನಿಸಿ ಅವನಿಗೆ ಅಳುವೇ ಬಂತು. ತಂಗಡಗಿಯ ಲಗ್ನ, ಇಂಗಳೇಶ್ವರದ ಬಸ್ಸು, ಬಾಬುಲಾಲನ ಅಪ್ಪಣೆ, ಒಂದೂ ಬಿಡದೆ ಹೇಳಿದ. "ನೀವಿಬ್ಬರೂ ಸುಳ್ಳಾಡಿಲ್ಲ. ನೀವು ನೋಡಿದ್ದ ನಿಮಗ ಖರೇ. ತಪ್ಪು ನಂದು."

ನಿಜಾಮುದ್ದೀನ ಗೋಡೆಯಿಂದ ಕಣ್ಣು ತೆಗೆದು ಕೇಳಿದ. "ಹಂಗಾದರ ಮೂಲ ಸಿನಿಮಾದಾಗ ಏನಿತ್ತು? ಅವ್ವ ಸತ್ತಳೋ ಇಲ್ಲೋ?"

"ಅದು ನನಗೂ ಗೊತ್ತಿಲ್ಲಪಾ. ಡಬ್ಬಿ ನನ್ನ ಕೈಗೆ ಬರೂ ಮುಂಚೆ ಬ್ಯಾರೆ ಯಾವನೋ ಕತ್ತರಿ ಆಡಿಸಿದ್ದ. ಎರಡೂ ತುಣುಕು ಬಿಡಿಯಾಗೇ ಬಂದಿದ್ದವು. ಯಾವುದು ಮೊದಲು, ಯಾವುದು ಆಮ್ಯಾಲ, ದೇವರಿಗೇ ಗೊತ್ತು."

ಹುಡುಗರು ಚಪ್ಪಾಳೆ ಹೊಡೆದರು. ಸುವರ್ಣಾ ಮೇಡಂ ಅಲ್ಮಾಸಳಿಗೆ ಪೂರಾ ಮಾರ್ಕು ಹಾಕಿದರು. ಮಲ್ಲಣ್ಣ ನಡುವಿನ ಚೀಲ ಎತ್ತಿ ಕೆಳಗಿಟ್ಟು, ಸರಿದು ಕೂತು, "ನಿಜಾಮ, ನಿಮ್ಮವ್ವ ತೀರಿದ ವರ್ಸ ನಾ ನಗಬಾರದಿತ್ತೋ" ಎಂದ. ನಿಜಾಮುದ್ದೀನ ಅವನ ಮೊಣಕಾಲಿನ ಮೇಲೆ ಕೈ ಇಟ್ಟ. ಆಮೇಲೆ ಇಬ್ಬರೂ ಎದ್ದು ಒಂದೇ ಬೈಕಿನ ಮೇಲೆ ಹೋದರು. ಚಾಂದಸಾಬ ಕಿಟಕಿಯಲ್ಲಿ ನಿಂತು ಕಣ್ಣು ಒರೆಸಿಕೊಂಡ. ಅಷ್ಟು ಹಗುರಾಗಿ ಅವನು ಎಂದೂ ಮನೆಗೆ ನಡೆದಿರಲಿಲ್ಲ.

ಸಂಜೆ ಐದಕ್ಕೆ ಹಜರಾಬಿಯಿಂದ ದೊಡ್ಡ ಬೋಗುಣಿ ತುಂಬ ಚಹಾ ಮಾಡಿಸಿ, ಕಟ್ಟೆಯ ಮೇಲೆ ಮೂರು ಕಪ್ಪು ಇಟ್ಟು ಕೂತ. ಐದೂವರೆಯಾಯಿತು. ಆರಾಯಿತು. ಚಹಾದ ಮೇಲೆ ಕೆನೆ ಕಟ್ಟಿತು. ಆಗ ಅಲ್ಮಾಸ ಬಂದಳು, ಮುಖ ಸಣ್ಣದು ಮಾಡಿಕೊಂಡು.

"ಇಬ್ಬರೂ ಬಸ್‌ಸ್ಟ್ಯಾಂಡಿನ ಹೋಟೆಲ್ಲಿನ್ಯಾಗ ಮಿರ್ಚಿ ಭಜಿ ತಿನ್ನಾಕತ್ತಾರ, ಅಜ್ಜಾ. ಮಧ್ಯಾಹ್ನದಿಂದ ಅಲ್ಲೇ ಅದಾರ. ನಲವತ್ತು ವರ್ಸ ನಮ್ಮಿಬ್ಬರನ್ನ ಅಗಲಿಸಿ ಎರಡೂ ಹೊತ್ತು ನಮ್ಮ ಮುಂದ ಚಹಾ ಕುಡದಾನ, ಅವನ ಕಟ್ಟಿ ಇನ್ನ ತುಳಿಯಂಗಿಲ್ಲ ಅಂತಾರ."

"ಇಬ್ಬರೂ?"

"ಇಬ್ಬರೂ ಕೂಡೇ. ಒಂದ ಷರತ್ತು ಹಾಕ್ಯಾರ. ಯಾವ ಯಾವ ಸಿನಿಮಾ ಕತ್ತರಿಸೀದಿ ಅಂತ ಪಟ್ಟಿ ಬರದು ಕಳಿಸಬೇಕಂತ. ಆಮ್ಯಾಲ ವಿಚಾರ ಮಾಡ್ತಾರಂತ."

ಅಲ್ಮಾಸ ತನ್ನ ನೋಟುಬುಕ್ಕು ತೆರೆದು ಪೆನ್ನು ಕೊಟ್ಟಳು. ಚಾಂದಸಾಬ ಪೆನ್ನು ಹಿಡಿದು ಕೂತ. ಹನ್ನೊಂದು ವರ್ಷದ ಟೆಂಟು, ನಾಲ್ಕು ತಾಲೂಕು, ಎಷ್ಟು ಹಳ್ಳಿ, ಎಷ್ಟು ಪರದೆ. ಆ ಇಬ್ಬರ ಹರೆಯವೆಲ್ಲ ಅವನ ಕತ್ತರಿಯ ಕೆಳಗೇ ಹಾದುಹೋಗಿತ್ತು. ಒಂದು ಹೆಸರು ಬರೆದ, ಎರಡು ಬರೆದ, ಹಾಳೆ ತುಂಬಿತು, ತಿರುವಿದ.

"ಪಟ್ಟಿ ಬಿಡ್ರಿ" ಎಂದಳು ಹಜರಾಬಿ ಕಪ್ಪು ಎತ್ತುತ್ತ. "ಕತ್ತರಿಸಲಾರದ್ದು ಯಾವುದರ ಇದ್ದರ ಅದನ್ನಷ್ಟ ಬರದು ಕಳಸ್ರಿ."

ಚಾಂದಸಾಬ ಪೆನ್ನು ಕೆಳಗಿಟ್ಟ.

"ಒಂದು ಇತ್ತು" ಎಂದ. "ಸಿಂದಗಿಯಾಗ. ಅವತ್ತ ಡಬ್ಬೀನ ಬರಲಿಲ್ಲ."