ಹಬೆಯನ್ನು ಗುಟ್ಟಾಗಿಡುವ ಉಪಾಯ ಕೋರಿ

ಆವಿಷ್ಕಾರ ಪ್ರಶಸ್ತಿ ಸಮಿತಿಯ ಮಾನ್ಯರೇ,

ಸೆಫ್ರೂ ಪಟ್ಟಣದ ಮೋಟರ್‌ಸೈಕಲ್ ರಿಪೇರಿ ಅಂಗಡಿಯಿಂದ, ಗ್ರೀಸ್ ಹತ್ತಿದ ಕೈಗಳನ್ನು ಚೆನ್ನಾಗಿ ತೊಳೆದುಕೊಂಡು, ತಮಗೂ ತಮ್ಮ ಮನೆಯವರಿಗೂ ಶಾಂತಿ, ಸೌಖ್ಯಗಳನ್ನು ಕೋರುತ್ತೇನೆ.

ಕಳೆದ ವರ್ಷ ನನ್ನ ವಸ್ತುವನ್ನು ತಾವು ತಿರಸ್ಕರಿಸಿದ ರೀತಿ ಎಷ್ಟು ಸೊಗಸಾಗಿತ್ತೆಂದರೆ, ಅದಕ್ಕೇ ಒಂದು ಬಹುಮಾನ ಕೊಡಬಹುದು. ಅದು ಅಗ್ಗ, ಗಟ್ಟಿ, ಉಪಯುಕ್ತ ಎಂದು ಹೊಗಳಿದಿರಿ. ಜನ ಆಗಲೇ ಬಳಸುತ್ತಿರುವುದರಿಂದ ಹೊಸತಲ್ಲ ಎಂದು ಮುಗಿಸಿದಿರಿ. ಯಾರಿಗೂ ಬೇಡವಾದದ್ದನ್ನು ಮಾಡುವ ಬುದ್ಧಿ ನನಗೆ ಮೊದಲೇ ಬರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಗೆದ್ದವರಿಗೆ ಒಂದು ವರ್ಷ ತಮ್ಮ ಕಾರ್ಯಾಗಾರದಲ್ಲಿ ಜಾಗ, ಶಾಲೆಯ ಸರ್ಟಿಫಿಕೇಟ್ ಬೇಕಿಲ್ಲ ಎಂದು ಸಾರಿದ್ದಿರಿ. ನಾನು ಶಾಲೆ ಬಿಟ್ಟವನು. ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ನಿಲ್ಲಲು ನನಗಿದ್ದ ಬಾಗಿಲು ಅದೊಂದೇ.

ನಮ್ಮ ಶುಕ್ರವಾರದ ಕುಸ್‌ಕುಸ್ ತಾವೂ ಉಣ್ಣುವಿರಿ. ಕೆಳಗೆ ಸಾರು ಕುದಿಯುವ ಪಾತ್ರೆ, ಮೇಲೆ ರವೆ ಬೇಯುವ ತೂತಿನ ಪಾತ್ರೆ. ನಡುವಿನ ಸಂದಿಯಿಂದ ಹಬೆ ತಪ್ಪಿಸಿಕೊಳ್ಳದಂತೆ ಹಿಟ್ಟಿನ ನೀರಿನಲ್ಲಿ ಅದ್ದಿದ ಬಟ್ಟೆಪಟ್ಟಿಯನ್ನು ಬಿಗಿಯಾಗಿ ಕಟ್ಟಬೇಕು. ನನ್ನ ಅಜ್ಜಿ ತೂದಾಳ ಬೆರಳುಗಳು ಸೊಟ್ಟಗಾಗಿ ಗಂಟು ಹಾಕಲಾಗದೆ ಹೋದಾಗ, ಅಂಗೈಯಿಂದ ಒತ್ತಿದರೆ ಮುಚ್ಚಿಕೊಳ್ಳುವ ಕೊಂಡಿಯಿಟ್ಟು, ಆ ಸಂದಿಗೆ ತೊಡಿಸುವ ರಬ್ಬರಿನ ಬಳೆಯೊಂದನ್ನು ಮಾಡಿದೆ. ಮೊದಲನೆಯದು ಹಳೆಯ ಟ್ಯೂಬಿನದು; ಊಟಕ್ಕೆಲ್ಲ ಅದರ ವಾಸನೆ ಹತ್ತಿತು. "ಇದನ್ನ ತಿಂದ್ರೆ ನಾಳೆ ನಂಗೂ ಪಂಕ್ಚರ್ ಹಾಕ್ಬೇಕಾಗುತ್ತೆ ಕಣೋ" ಎಂದು ಅಜ್ಜಿ ತಟ್ಟೆ ದೂಡಿದಳು. ಹಾಲಿನ ಕ್ಯಾನಿನ ಮುಚ್ಚಳದ ರಬ್ಬರಿನಿಂದ ಮತ್ತೊಂದು ಮಾಡಿದೆ. ರವೆ ಅರಳಿಕೊಂಡು ಬೆಂದಿತು.

ಅಪರಾಧ ನಡೆದದ್ದು ಆಮೇಲೆ. ಪಕ್ಕದ ಮನೆಗೊಂದು ತಟ್ಟೆ ಕಳಿಸದೆ ಶುಕ್ರವಾರ ನಮ್ಮ ಓಣಿಯಲ್ಲಿ ಯಾರೂ ಊಟಕ್ಕೆ ಕೂರುವುದಿಲ್ಲ. ನಾವು ಕಳಿಸಿದ್ದನ್ನು ಉಂಡು, ಖಾಲಿ ತಟ್ಟೆಯಲ್ಲಿ ಅಂಜೂರ ತುಂಬಿಕೊಂಡು ಬಂದ ಪಕ್ಕದ ಮನೆಯ ಲಲ್ಲಾ ಮಹಜೂಬಾ, "ನಿನ್ನ ಕೈಲಿ ಗಂಟೇ ನಿಲ್ಲಲ್ಲ, ಹಬೆ ಹೆಂಗೆ ನಿಲ್ತದೆ ತೂದಾ?" ಎಂದು ಕೇಳಿದರು.

ಅಜ್ಜಿ ಬಳೆಯನ್ನು ಎತ್ತಿ ತೋರಿಸಿದಳು. "ನನ್ನ ಮೊಮ್ಮಗಂದು. ಶಾಲೆ ಬಿಟ್ಟು ಅಲೀತಾನೆ ಅಂತ ಆಡ್ಕೊಂಡೆಯಲ್ಲಾ, ಅವನದೇ."

"ನಂಗೂ ಒಂದು ಮಾಡಿಕೊಡ್ಲಿ. ಆಡ್ಕೊಂಡಿದ್ದನ್ನ ವಾಪಸ್ ತಗೋತೀನಿ."

ನಾನು ತಮ್ಮೆದುರು ನಿಲ್ಲುವ ಹೊತ್ತಿಗೆ, ಆಡಿಕೊಂಡಿದ್ದವರೆಲ್ಲರ ಮನೆಯಲ್ಲೂ ಬಳೆ ಇತ್ತು. ತಮ್ಮಲ್ಲೊಬ್ಬರು ಕರುಣೆಯಿಂದ ಕಣ್ಣು ಮಿಟುಕಿಸಿ, "ಮನೆಯವರನ್ನ ಬಿಟ್ಟು ಬೇರೆ ಯಾರೂ ನೋಡಿಲ್ಲ, ಅಲ್ವೇನಪ್ಪಾ?" ಎಂದರು.

"ಓಣಿಯವ್ರೆಲ್ಲಾ ನೋಡಿದಾರೆ ಸೀದಿ."

"ಸ್ವಲ್ಪ ಯೋಚನೆ ಮಾಡಿ ಹೇಳು ಮಗಾ."

"ಹಾಗಾದ್ರೆ ಪಕ್ಕದ ಓಣಿನೂ ಸೇರಿಸ್ಕೊಳ್ಳಿ ಸೀದಿ."

ಮುಂದಿನ ಸಲ ಗುಟ್ಟು ಕಾಪಾಡಿಕೊಳ್ಳಬೇಕೆಂಬ ತಮ್ಮ ಸಲಹೆಯನ್ನು ತಲೆಯ ಮೇಲೆ ಹೊತ್ತಿದ್ದೇನೆ. ಅದಕ್ಕಾಗಿ ಅರ್ಜಿ ಸ್ವೀಕೃತವಾಗುವವರೆಗೆ ಶುಕ್ರವಾರದ ಹಬೆಗೆ ಪರಿಮಳವಿರಬಾರದೆಂದೂ, ನೆರೆಹೊರೆಯವರಿಗೆ ಹಸಿವಾಗಬಾರದೆಂದೂ, ಅಜ್ಜಿಯರು ಮೊಮ್ಮಕ್ಕಳ ಬಗ್ಗೆ ಹೆಮ್ಮೆಪಡುವ ಮುನ್ನ ತಮ್ಮ ಕಚೇರಿಯ ಅಪ್ಪಣೆ ಪಡೆಯಬೇಕೆಂದೂ ದಯವಿಟ್ಟು ಆದೇಶ ಹೊರಡಿಸಿ.

ಈ ವರ್ಷ ಇನ್ನೊಂದು ವಸ್ತು ಮಾಡಿದ್ದೇನೆ. ಅದೇನೆಂದು ತಮಗೂ ಹೇಳಲಾರೆ. ತಾವು ನೋಡಿದರೂ ಅದು ಹಳತಾಗಿಬಿಟ್ಟೀತೆಂಬ ಭಯ. ಆದ್ದರಿಂದ ನೋಡದೆಯೇ ಮೆಚ್ಚಿ, ಲೇತ್ ಮುಂದೆ ನನಗೊಂದು ಜಾಗ ಕೊಡಬೇಕಾಗಿ ಪ್ರಾರ್ಥನೆ. ಆದರೆ ಸುಳ್ಳು ಹೇಳಲು ನನಗೆ ಬಾರದು: ಅಜ್ಜಿಗೆ ಗೊತ್ತಾಗಿದೆ. ಏನೇ ತೀರ್ಮಾನಿಸುವುದಿದ್ದರೂ ಶುಕ್ರವಾರದೊಳಗೆ ತೀರ್ಮಾನಿಸಿ.

ಬಹುಮಾನ ಬಾರದಿದ್ದರೂ ತಮ್ಮ ವಿಶ್ವಾಸಿ,
ಬಾಸ್ಸು

ಮರೆತ ಮಾತು: ತಮ್ಮ ಅಧ್ಯಕ್ಷರ ತಾಯಿಗೆಂದು ಡ್ರೈವರ್ ಬಂದು ಇಸಿದುಕೊಂಡು ಹೋದ ಬಳೆಯ ಕೊಂಡಿ ಸಡಿಲವಾಗಿದೆಯಂತೆ. ಆ ತಾಯಿ ಬೇಸರಿಸಬಾರದು. ಕೈಯಲ್ಲಿ ಅರ ಹಿಡಿದು ಉಜ್ಜಿ ಮಾಡಿದ ಕೊಂಡಿ ಅಷ್ಟೇ ಬಾಳುವುದು. ಗಟ್ಟಿಯದಕ್ಕೆ ಲೇತ್ ಬೇಕು.