ನಾನು ಶುರುಮಾಡಿದರೆ ಮುಗಿಯಿತು

ಕೆಲವರಿಗೆ ಮಳೆ ಬರುವುದು ಮೊಣಕಾಲು ನೋವಿನಿಂದ ಮೊದಲೇ ಗೊತ್ತಾಗುತ್ತದಂತೆ. ನನಗೂ ಅಂಥದೊಂದು ಶಕ್ತಿಯಿದೆ. ಜನ ಯಾವುದಕ್ಕೆ ಮುಗಿಬೀಳುತ್ತಿದ್ದಾರೆ, ಮಾರುಕಟ್ಟೆ ಯಾವ ಕಡೆ ಓಡುತ್ತಿದೆ ಎನ್ನುವುದು ನನಗೆ ಬಹಳ ಚೆನ್ನಾಗಿ ತಿಳಿಯುತ್ತದೆ. ಆದರೆ ಅದು ಓಡಿ ಮುಗಿಸಿ, ಬೆವರೊರೆಸಿಕೊಂಡು ಮನೆಗೆ ಹೊರಟ ಮೇಲೆ ತಿಳಿಯುತ್ತದೆ. ‘ಟ್ರೆಂಡು’ ಎಂಬ ಪದವನ್ನು ನಮ್ಮೂರು ರಾವಂದೂರಿಗೆ ತಂದವನು ನಾನೇ ಇರಬೇಕು. ‘ಟ್ರೆಂಡ್ ನೋಡಿಕೊಂಡು ವ್ಯಾಪಾರ ಮಾಡಬೇಕು’ ಅಂತ ನಾನು ಮೊದಲ ಸಲ ಹೇಳಿದಾಗ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, ‘ಯಾವ ಟ್ರಂಕು ಕಣಪ್ಪ? ತಗಡಿಂದಾ?’ ಅಂತ ಕೇಳಿದ್ದರು. ಈಗ ಯೋಚಿಸಿದರೆ, ತಗಡಿನ ಟ್ರಂಕನ್ನೇ ಮಾರಿದ್ದರೆ ಚೆನ್ನಾಗಿತ್ತು.

ಬಸ್‌ಸ್ಟ್ಯಾಂಡಿನ ಎದುರು ನಮ್ಮಪ್ಪನ ಕಾಲದ್ದೊಂದು ಮಳಿಗೆಯಿದೆ. ಅದರಲ್ಲಿ ನಾನು ಮೊದಲು ಇಟ್ಟದ್ದು ಎಸ್‌ಟಿಡಿ ಬೂತು. ಗಾಜಿನ ಕ್ಯಾಬಿನ್ ಮಾಡಿಸಿ, ಕೆಂಪು ಅಂಕಿ ಓಡುವ ಮೀಟರಿಟ್ಟು ಠೀವಿಯಿಂದ ಕೂತೆ. ಕೂತದ್ದೇ ತಡ, ಊರಿನವರ ಜೇಬುಗಳೆಲ್ಲ ರಿಂಗಾಗತೊಡಗಿದವು. ಆದರೂ ಒಬ್ಬ ಗಿರಾಕಿ ಮಾತ್ರ ತಪ್ಪದೆ ಬಂದು ಕ್ಯಾಬಿನ್ ಹೊಕ್ಕು ಬಾಗಿಲು ಹಾಕಿಕೊಳ್ಳುತ್ತಿದ್ದ. ಎಷ್ಟು ಮಾತಾಡಿದರೂ ಮೀಟರು ಅಲ್ಲಾಡುತ್ತಿರಲಿಲ್ಲ. ಇಣುಕಿ ನೋಡಿದರೆ ಪುಣ್ಯಾತ್ಮ ತನ್ನ ಮೊಬೈಲಿನಲ್ಲೇ ಮಾತಾಡುತ್ತಿದ್ದಾನೆ! ‘ಈಚೆ ಬರೀ ಬಸ್ಸಿನ ಗಲಾಟೆ ಕಣಣ್ಣ, ಒಳಗೆ ತಣ್ಗದೆ’ ಅಂದ. ಆಮೇಲೆ ಸೀಡಿ ಬಾಡಿಗೆ ಅಂಗಡಿ. ಅಷ್ಟರಲ್ಲಿ ಪೆನ್‌ಡ್ರೈವ್ ಬಂತು. ನನ್ನ ಸಿನಿಮಾಗಳೆಲ್ಲ ಈಗ ಸುತ್ತಮುತ್ತಲ ರಾಗಿ ಹೊಲಗಳಲ್ಲಿ ದಾರಕ್ಕೆ ನೇತಾಡುತ್ತ ಹಕ್ಕಿ ಓಡಿಸುತ್ತಿವೆ. ಮಾಸ್ಕಿನ ಮೂಟೆ ಇಳಿಸಿಕೊಂಡ ವಾರವೇ ಜನ ಮುಖ ತೋರಿಸಿಕೊಂಡು ತಿರುಗಾಡಲು ಶುರುಮಾಡಿದರು. ನಮ್ಮನೆಯಲ್ಲಿ ಇವತ್ತಿಗೂ ಮಸಿಬಟ್ಟೆ ಅಂದರೆ ಆ ಮಾಸ್ಕೇ. ಕೊನೆಗೆ ಗೋಬಿ ಮಂಚೂರಿ ಗಾಡಿ ತಂದೆ. ಕೆಂಪು ಬಣ್ಣದ ಡಬ್ಬಗಳನ್ನು ಸಾಲಾಗಿ ಜೋಡಿಸಿಟ್ಟ ಮೇಲೆ, ಗೋಬಿಗೆ ಬಣ್ಣ ಹಾಕಕೂಡದು ಅಂತ ಸರ್ಕಾರದ ಹುಕುಂ ಬಂತು. ಬಣ್ಣವಿಲ್ಲದ ನನ್ನ ಗೋಬಿಯನ್ನು ನೋಡಿದ ಹೆಂಗಸೊಬ್ಬರು ‘ಮನೇಲಿ ಯಾರಿಗಾದ್ರೂ ಉಸಾರಿಲ್ವಾ?’ ಅಂತ ಕನಿಕರದಿಂದ ವಿಚಾರಿಸಿದರು.

ಇಷ್ಟೆಲ್ಲ ಆದರೂ ಊರಿನಲ್ಲಿ ನನ್ನ ಮರ್ಯಾದೆ ಏರುತ್ತಲೇ ಇತ್ತು. ಅದು ಹೇಗೆ ಅಂತ ನನಗೇ ಅರ್ಥವಾಗಿರಲಿಲ್ಲ. ಜನ ಹುಡುಕಿಕೊಂಡು ಬಂದು ಅಭಿಪ್ರಾಯ ಕೇಳುತ್ತಿದ್ದರು. ಕೆ.ಆರ್. ನಗರದಿಂದ ಒಬ್ಬರು ಬಂದು ಜ್ಯೂಸ್ ಅಂಗಡಿ ಇಡಬಹುದಾ ಅಂತ ಕೇಳಿದರು, ಹುಣಸೂರಿನವರೊಬ್ಬರು ಜಿಮ್ ಬಗ್ಗೆ ಕೇಳಿದರು. ಎಚ್.ಡಿ. ಕೋಟೆ ಕಡೆಯಿಂದ, ಹಂಪಾಪುರದ ಹತ್ತಿರದ ರೈತನೊಬ್ಬ ಬೈಕಿನಲ್ಲಿ ಅಷ್ಟು ದೂರ ಬಂದು, ‘ಈ ಸಲ ಸುಂಟಿ ಆಕುದ್ರೆ ಎಂಗೆ ಸಾ?’ ಅಂದ. ನಾನು ಟೀ ತರಿಸಿಕೊಟ್ಟು, ಕೇರಳದ ಬೇಡಿಕೆಯಿಂದ ಹಿಡಿದು ಅರಬ್ ದೇಶದವರೆಗೆ ವಿವರಿಸಿ, ಕಣ್ಣುಮುಚ್ಚಿಕೊಂಡು ಹಾಕಪ್ಪ ಅಂದೆ. ಕೈಮುಗಿದು ಹೋದ. ಫಸಲಿನ ಕಾಲಕ್ಕೆ ಒಂದು ದೊಡ್ಡ ಬಾಳೆಗೊನೆ ಹೊತ್ತುಕೊಂಡು ಮತ್ತೆ ಬಂದ. ‘ನಿಮ್ಮಿಂದ ಉಳ್ಕಂಡೆ ಸಾ’ ಅಂದ. ‘ನಾನೇನು ಮಾಡಿದೆ, ನೀನು ಧೈರ್ಯ ಮಾಡಿ ಹಾಕಿದೆಯಲ್ಲ, ಅದು ಮುಖ್ಯ’ ಅಂದೆ. ಅವನು ನಕ್ಕುಬಿಟ್ಟ. ‘ಎಲ್ಲಾರಾ ಉಂಟಾ ಸಾ! ನೀವು ಆಕು ಅಂದ್ರಲ್ಲ, ಅದ್ಕೇ ಆಕ್ನಿಲ್ಲ. ಆಕ್ದೋರೆಲ್ಲ ತಲೆ ಮ್ಯಾಲೆ ಕೈ ಒತ್ಕಂಡು ಕುಂತವ್ರೆ.’

ಆ ಬಾಳೆಹಣ್ಣು ನನ್ನ ಗಂಟಲಲ್ಲಿ ಇಳಿಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಚೆನ್ನಾಗಿತ್ತು, ಕೂತಲ್ಲೇ ನಾಲ್ಕು ತಿಂದೆ. ಆದರೆ ಹೊಟ್ಟೆ ಉರಿದುಹೋಯಿತು. ನಾಲ್ಕು ತಾಲ್ಲೂಕಿನ ಜನ ಏನು ಮಾಡಬಾರದು ಅಂತ ತಿಳಿದುಕೊಳ್ಳಲು ನನ್ನ ಹತ್ತಿರ ಬರುತ್ತಿದ್ದಾರೆ, ಅದೂ ನನ್ನದೇ ಖರ್ಚಿನ ಟೀ ಕುಡಿದು! ಮನೆಗೆ ಹೋಗಿ ಹೆಂಡತಿ ಸರೋಜಳಿಗೆ ಹೇಳಿದೆ. ಅವಳು ಸಿಟ್ಟಾಗಿ ಊರವರನ್ನೆಲ್ಲ ಬೈಯುತ್ತಾಳೆ ಅಂತ ನನ್ನ ಆಸೆ. ‘ಅಯ್ಯೋ, ನಿಮಗೆ ಈಗ ಗೊತ್ತಾಯ್ತಾ?’ ಅಂದಳು.

ಸರೋಜಳಿಗೆ ಟ್ರೆಂಡು ಗಿಂಡು ಅಂದರೆ ಆಗದು. ಆದರೆ ಅವಳು ಒಂದು ದಿನ ರಾಗಿ ಬೀಸಿಸಿಕೊಂಡು ಬಂದವಳು, ‘ಮಿಲ್ಲಿನ ಮುಂದೆ ಸೀನೋರೇ ಇಲ್ಲ ಕಣ್ರೀ’ ಅಂದಳು. ಮೊದಲೆಲ್ಲ ಬೇಸಿಗೆ ಬಂದರೆ ಹುರಿದ ಮೆಣಸಿನಕಾಯಿ, ಕೊತ್ತಂಬರಿ ಬೀಜದ ಡಬ್ಬಗಳನ್ನಿಟ್ಟುಕೊಂಡು ಹೆಂಗಸರು ಸಾಲಾಗಿ ನಿಂತು ಮೂಗು ಮುಚ್ಚಿಕೊಂಡು ಸೀನುತ್ತಿದ್ದರಂತೆ. ಈಗ ಒಬ್ಬರೂ ಇಲ್ಲವಂತೆ. ನಾನು ಕೂಡಲೇ ವಿಶ್ಲೇಷಣೆ ಮಾಡಿದೆ: ‘ಅದರರ್ಥ ಏನು ಗೊತ್ತಾ? ಜನ ಖಾರ ತಿನ್ನೋದು ಬಿಡ್ತಾ ಇದ್ದಾರೆ. ಎಲ್ಲರಿಗೂ ಗ್ಯಾಸ್ಟ್ರಿಕ್ಕು.’ ಅವಳು ನನ್ನ ಮುಖವನ್ನೇ ನೋಡಿದಳು. ‘ಅಂಗಂತೀರಾ? ಸರಿ ಬುಡಿ’ ಅಂದವಳು, ಅವತ್ತೇ ಸಂಜೆ ಮೆಣಸಿನಕಾಯಿ ಮೂಟೆ ತರಿಸಿದಳು. ಜನ ಖಾರ ಬಿಟ್ಟಿರಲಿಲ್ಲ, ಹುರಿಯುವುದನ್ನು ಬಿಟ್ಟಿದ್ದರು. ಸಾರಿನ ಪುಡಿ, ಕೋಳಿ ಮಸಾಲೆ ಎರಡೇ ಬಗೆ. ಮಳಿಗೆಯ ಅರ್ಧಕ್ಕೆ ಅವಳೇ ಪರದೆ ಕಟ್ಟಿಕೊಂಡು, ‘ನೀವು ಈ ಕಡೆ ಕಾಲಿಡಬೇಡಿ, ನಿಮ್ಮ ದಮ್ಮಯ್ಯ’ ಅಂದಳು. ಬಸ್ಸಿಳಿದವರು, ಬಸ್ಸು ಹತ್ತುವವರು ಪೊಟ್ಟಣ ಕಟ್ಟಿಸಿಕೊಂಡು ಪಿರಿಯಾಪಟ್ಟಣ, ಕಂಪಲಾಪುರಕ್ಕೆಲ್ಲ ಒಯ್ಯತೊಡಗಿದರು. ಈ ಕಡೆಯ ಅರ್ಧದಲ್ಲಿ ನಾನು, ಬೂತಿನ ಕಾಲದಲ್ಲಿ ತಂದಿಟ್ಟಿದ್ದ ಜೆರಾಕ್ಸ್ ಯಂತ್ರದ ಮೇಲಿನ ಧೂಳು ಒರೆಸುತ್ತ ಕೂತಿರುತ್ತಿದ್ದೆ. ಸಂಕೋಚ ಯಾಕೆ, ನಮ್ಮ ಮನೆ ನಡೆಯುತ್ತಿದ್ದದ್ದೇ ಆ ಪುಡಿಯಿಂದ.

ಆಗ ಎದುರಿನ ದಿನಸಿ ಅಂಗಡಿ ಪುಟ್ಟಸ್ವಾಮಿ ಕಣ್ಣು ಹಾಕಿದ. ಅವನೂ ಪುಡಿ ತಂದ. ಸುಮ್ಮನೆ ತರಲಿಲ್ಲ. ಮಿರಮಿರ ಮಿಂಚುವ ಪ್ಯಾಕೆಟ್ಟು, ಮೇಲೆ ‘ಅಜ್ಜಿ ಕೈರುಚಿ’ ಅಂತ ಹೆಸರು, ಹೆಸರಿನ ಕೆಳಗೆ ಬೊಚ್ಚುಬಾಯಿ ಬಿಟ್ಟು ನಗುವ ಒಂದು ಅಜ್ಜಿಯ ಫೋಟೋ. ಅಂಗಡಿಯ ಮುಂದೆ ಹಾಕಿಸಿದ ಬೋರ್ಡಿನಲ್ಲೂ ಅದೇ ಅಜ್ಜಿ. ಅದು ಅವರಜ್ಜಿ ಅಲ್ಲ, ಇಂಟರ್‌ನೆಟ್ಟಿನಲ್ಲಿ ಸಿಕ್ಕ ಅಜ್ಜಿ. ಅವರಜ್ಜಿಯನ್ನು ನಾನು ಚೆನ್ನಾಗಿ ಬಲ್ಲೆ. ಆಕೆ ಸಾರು ಮಾಡಿದ ದಿನ ಮನೆಯ ಗಂಡಸರೆಲ್ಲ ಏನಾದರೊಂದು ನೆಪ ಹೇಳಿ ನೆಂಟರೂರಿಗೆ ಹೋಗಿಬಿಡುತ್ತಿದ್ದರು. ಆದರೆ ಜನಕ್ಕೇನು? ಅವನ ಮಗಳು ಆ ಪುಡಿಯಲ್ಲಿ ಸಾರು ಕುದಿಸುವ ರೀಲ್ಸ್ ಮಾಡಿ ಬಿಟ್ಟಳು, ಅದನ್ನು ನಾನೂ ನೋಡಿ ಲೈಕ್ ಒತ್ತಿಬಿಟ್ಟೆ. ನಮ್ಮ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟತೊಡಗಿದರು.

ಒಂದು ಬೆಳಿಗ್ಗೆ ಸರೋಜ ಬಾಣಲೆ ಒಲೆಯ ಮೇಲಿಡದೆ ಸುಮ್ಮನೆ ಕೂತಿದ್ದಳು. ಯಾಕೆ ಅಂದರೆ, ‘ನೆನ್ನೆ ಹುರಿದದ್ದೇ ಹಂಗೇ ಅದೆ. ನಂಗ್ಯಾಕೋ ಭಯ ಆಯ್ತದೆ ಕಣ್ರೀ’ ಅಂದಳು. ಅವಳ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದೇ ಮೊದಲು. ನನ್ನ ಎಲ್ಲ ದಿವಾಳಿಗಳಲ್ಲೂ ನನ್ನನ್ನು ಬೈದವಳೇ ಹೊರತು ಹೆದರಿದವಳಲ್ಲ. ಸಂಕಟವಾಯಿತು. ‘ನಾನೇನಾದ್ರೂ ಮಾಡ್ಲಾ?’ ಅಂದೆ. ಅವಳು ತಟ್ಟನೆ ತಲೆಯೆತ್ತಿ ನನ್ನನ್ನು ನೋಡಿದಳು, ಬಹಳ ದಿನದಿಂದ ಅಟ್ಟದ ಮೇಲಿದ್ದ ಪಾತ್ರೆಯೊಂದು ಇವತ್ತು ಉಪಯೋಗಕ್ಕೆ ಬರಬಹುದೇನೋ ಎನ್ನುವ ಹಾಗೆ. ‘ಮಾಡಿ. ಒಳ್ಳೆ ಶರ್ಟು ಹಾಕ್ಕೊಂಡು ಪುಟ್ಟಸ್ವಾಮಿ ಅಂಗಡಿಗೆ ಹೋಗಿ. ಪಾಲುದಾರ ಆಗ್ತೀನಿ ಅನ್ನಿ.’

ಅವಮಾನವಾಯಿತೇ? ಆಯಿತು. ಆದರೆ ಹೆಂಡತಿ ನನ್ನನ್ನು ನಂಬಿ ಒಂದು ಕೆಲಸ ವಹಿಸಿದ್ದಳಲ್ಲ! ಇಸ್ತ್ರಿ ಶರ್ಟು ತೊಟ್ಟು ರಸ್ತೆ ದಾಟಿದೆ. ಪುಟ್ಟಸ್ವಾಮಿ ತೂಕ ಹಾಕುತ್ತಿದ್ದವನು ‘ಬನ್ನಿ ಅಣ್ಣ’ ಅಂತ ಸ್ಟೂಲು ಎಳೆದುಕೊಟ್ಟ. ನಾನು ಒಂದು ಪ್ಯಾಕೆಟ್ ಕೈಗೆತ್ತಿಕೊಂಡು, ತಿರುಗಿಸಿ ಮುರುಗಿಸಿ ನೋಡಿ, ‘ಪುಟ್ಟಸ್ವಾಮಿ, ಇದು ಇನ್ನು ಹಿಂದೆ ತಿರುಗಿ ನೋಡೋ ವ್ಯಾಪಾರ ಅಲ್ಲ ಕಣಯ್ಯ’ ಅಂದೆ. ಅವನ ಕೈಲಿದ್ದ ಬೇಳೆ ತಕ್ಕಡಿಯಿಂದ ಆಚೆ ಬಿತ್ತು.

‘ಯಾಕಣ್ಣ ಅಂಗಂತೀರಿ?’

‘ಟ್ರೆಂಡ್ ನೋಡಿ ಹೇಳ್ತಾ ಇದ್ದೀನಿ. ನಾನೂ ಪಾಲು ಹಾಕ್ತೀನಿ. ಹುಣಸೂರಲ್ಲಿ ಒಂದು ಬ್ರಾಂಚ್ ತೆಗೆಯೋಣ.’

‘ಬ್ಯಾಡ ಕಣಣ್ಣೋ!’ ಅವನು ಕೈ ಮುಗಿದೇಬಿಟ್ಟ. ‘ನಾನು ನಿಮ್ಗೇನ್ ದ್ರೋಹ ಮಾಡಿದ್ದೆ? ಎಂಡ್ರು ಮಕ್ಳಿರೋನು ನಾನು.’

ತಮಾಷೆ ಇರುವುದು ಇಲ್ಲೇ. ಅಷ್ಟು ಹೊತ್ತಿಗೆ ನನಗೆ ನಾನು ಹೇಳುತ್ತಿದ್ದದ್ದರ ಮೇಲೆ ನಿಜವಾಗಿಯೂ ನಂಬಿಕೆ ಬಂದುಬಿಟ್ಟಿತ್ತು. ಹುಣಸೂರಿನ ಬ್ರಾಂಚು ಕಣ್ಣಿಗೆ ಕಟ್ಟುತ್ತಿತ್ತು. ‘ಯೋಚನೆ ಮಾಡಯ್ಯ, ಒಳ್ಳೆ ಅವಕಾಶ’ ಅಂತ ಮನಸಾರೆ ಒತ್ತಾಯಿಸಿದೆ. ಆ ಪ್ರಾಮಾಣಿಕತೆಯೇ ಅವನನ್ನು ಮುಗಿಸಿತು. ಅಂಗಡಿಯಲ್ಲಿದ್ದ ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಾಕೆ ಚೀಲದೊಳಗಿಟ್ಟಿದ್ದ ‘ಅಜ್ಜಿ ಕೈರುಚಿ’ಯನ್ನು ಮೆಲ್ಲಗೆ ತೆಗೆದು ವಾಪಸ್ಸಿಟ್ಟಳು. ವಾರ ಕಳೆಯುವುದರೊಳಗೆ ಅಜ್ಜಿಯ ಬೋರ್ಡು ಇಳಿಯಿತು. ಉಳಿದ ಪ್ಯಾಕೆಟ್ಟುಗಳನ್ನು ಅವನು ಸಕ್ಕರೆ ಕೊಂಡವರಿಗೆ ಪುಕ್ಕಟೆ ಕೊಟ್ಟು ಕೈತೊಳೆದುಕೊಂಡ.

ಬೋರ್ಡು ಇಳಿದದ್ದನ್ನು ನೋಡಿದ ಕೂಡಲೇ ನಾನು ಕುಣಿದುಕೊಂಡು ಪರದೆ ಸರಿಸಿ ಒಳಗೆ ನುಗ್ಗಿದೆ. ಜೀವಮಾನದಲ್ಲಿ ಮೊದಲ ಸಲ ನಾನು ಕೈಹಾಕಿದ ಕೆಲಸ ಗೆದ್ದಿತ್ತು. ಸರೋಜ ದೊಡ್ಡ ತಟ್ಟೆಯಲ್ಲಿ ಮೆಣಸಿನಪುಡಿ ಕಲೆಸುತ್ತಿದ್ದಳು. ಮುಖದಲ್ಲಿ ಮತ್ತೆ ಕಳೆ ಬಂದಿತ್ತು. ನನ್ನನ್ನು ನೋಡಿ ನಕ್ಕಳು ಕೂಡ. ನನಗೆ ಪ್ರೀತಿ ಉಕ್ಕಿಬಂತು. ‘ಸರೋಜಾ, ನೋಡ್ತಾ ಇರು, ಇನ್ನು ನಿನ್ನ ಈ ಪುಡಿ...’ ಅಂತ ಶುರುಮಾಡಿದ್ದೇ ತಡ, ಅವಳು ಕುಂತಲ್ಲಿಂದ ಚಿಮ್ಮಿ ಬಂದು, ಮೆಣಸಿನಪುಡಿ ಮೆತ್ತಿದ್ದ ಅಂಗೈಯಿಂದಲೇ ನನ್ನ ಬಾಯಿ ಮುಚ್ಚಿದಳು. ಗಟ್ಟಿಯಾಗಿ, ಮೂಗಿನ ಸಮೇತ.

ಈಗ ತುಟಿಗೆ ಮೊಸರು ಹಚ್ಚಿಕೊಂಡು, ಕಣ್ಣೀರು ಸುರಿಸಿಕೊಂಡು ಕೂತು ಇದನ್ನು ಬರೆಯುತ್ತಿದ್ದೇನೆ. ಪುಡಿಯ ಬಗ್ಗೆ ಆಗ ನಾನು ಏನು ಹೇಳಲು ಹೊರಟಿದ್ದೆ ಅಂತ ನಿಮಗೆ ಕುತೂಹಲವಿರಬಹುದು. ಕ್ಷಮಿಸಿ, ಅದನ್ನು ಇಲ್ಲೂ ಬರೆಯುವುದಿಲ್ಲ. ಮನೆ ನಡೆಯಬೇಕಲ್ಲ.