ಮಾಸ್ತರರ ಗಾಡಿ ಕಾಯುವ ಜಾಗ

ಬನಹಟ್ಟಿಯ ಶಶಿಕಾಂತ ಕೊಂಡ ಹಳೆಯ ಬಿಳಿ ಕಾರು ಮೂರು ವಾರದಲ್ಲಿ ಮೂರು ಸಲ ಕಾಯ್ದು ನಿಂತಿತು. ಹಳೆ ಗಾಡಿ ಕಾಯುವುದು ದೊಡ್ಡ ಸಂಗತಿಯೇನಲ್ಲ. ಆದರೆ ಮೂರು ಸಲವೂ ಅದು ನಿಂತದ್ದು ಜಮಖಂಡಿ ರಸ್ತೆಯ ಒಂದೇ ಜಾಗದಲ್ಲಿ, ರಾಮಲಿಂಗಪ್ಪ ಮಾಸ್ತರರ ಹೊಲದ ಮುಂದೆ. ಹೊಲದ ಬದುವಿನಲ್ಲಿ ಮಾಸ್ತರರ ಸಮಾಧಿ. ಕಾರು ಕೂಡ ಮಾಸ್ತರರದೇ.

ಹೋದ ವರ್ಷ ಅವರು ತೀರಿಕೊಂಡ ಮೇಲೆ, ಅಂಗಳದಲ್ಲಿ ನಿಂತ ಗಾಡಿಯನ್ನು ನೋಡಿದರೆ ಊಟ ಸೇರುವುದಿಲ್ಲವೆಂದು ಅವರ ಹೆಂಡತಿ ಲಕ್ಷ್ಮವ್ವ ಅದನ್ನು ಶಶಿಕಾಂತನಿಗೆ ಮಾರಿದ್ದರು. ನೇಕಾರ ಶಶಿಕಾಂತನಿಗೆ ಮಗ್ಗದ ಸದ್ದು ಒಂದು ಬಿಟ್ಟರೆ ಬೇರೆ ಯಂತ್ರದ ಭಾಷೆ ತಿಳಿಯದು. ಓಣಿಯವರಿಗೆ ಮಾತ್ರ ಎಲ್ಲ ತಿಳಿಯಿತು. ಬದುಕಿದ್ದಾಗ ಮಾಸ್ತರರು ಆ ಗಾಡಿಯನ್ನು ಯಾರಿಗೂ ಮುಟ್ಟಗೊಟ್ಟವರಲ್ಲ, ಈಗಲೂ ಕೊಡುವುದಿಲ್ಲ ಎಂದು ತೀರ್ಮಾನವಾಯಿತು. ಶಶಿಕಾಂತನ ಹೆಂಡತಿ ಶ್ರೀದೇವಿ ಅದರಲ್ಲಿ ಕಾಲಿಡುವುದಿಲ್ಲ ಎಂದಳು. ಕಾರು ಮನೆಯ ಮುಂದೆ ಇರುವತನಕ ತಾನೂ ಮನೆಯಲ್ಲಿರುವುದಿಲ್ಲ ಎಂದೂ ಸೇರಿಸಿ, ಬಟ್ಟೆಯ ಚೀಲ ತುಂಬಿಕೊಂಡು ಬಿಳಗಿಯ ತವರಿಗೆ ಹೋದಳು.

ಅದಕ್ಕೇ ಆ ಮಂಗಳವಾರ ಅವನು ಗಾಡಿಯನ್ನು ಸಾಗಹಾಕಲು ಹೊರಟ. ಮುಧೋಳದ ಸಂಜಯ ಎಂಬವರು ಜಮಖಂಡಿಯಲ್ಲಿ ಜಕ್ಕಪ್ಪನ ಗ್ಯಾರೇಜಿಗೆ ಬಂದು ಗಾಡಿ ನೋಡುವುದಾಗಿ ಹೇಳಿದ್ದರು. ಹೊರಡುವಾಗ ಪಕ್ಕದ ಮನೆಯ ಲಗಮವ್ವ, ಬೀರೇಶ್ವರನ ಭಕ್ತೆ, ಇನ್ನು ಗಾಡಿ ಎಲ್ಲಿಯೂ ನಿಲ್ಲುವುದಿಲ್ಲ, ತಾನು ವ್ಯವಸ್ಥೆ ಮಾಡಿದ್ದೇನೆ ಎಂದಳು. ಯಾವ ವ್ಯವಸ್ಥೆ ಎಂದು ಕೇಳುವಷ್ಟು ಪುರಸೊತ್ತು ಅವನಿಗಿರಲಿಲ್ಲ.

ಹನ್ನೆರಡು ದಾಟಿದ ಬಿಸಿಲು. ರಸ್ತೆಯಲ್ಲಿ ಒಂದು ನಾಯಿಯೂ ಇಲ್ಲ. ಮಾಸ್ತರರ ಹೊಲ ಕಾಣುತ್ತಿದ್ದಂತೆ ಎಂಜಿನ್ನಿನ ಕಾವು ತೋರಿಸುವ ಮುಳ್ಳು ಮೇಲೇರತೊಡಗಿತು. ಸಮಾಧಿಯ ನೇರಕ್ಕೆ ಬಂದಾಗ ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಎದ್ದು ಗಾಡಿ ನಿಂತಿತು. ಶಶಿಕಾಂತ ಕೀಲಿ ತೆಗೆದು ಕೈಯಲ್ಲಿ ಹಿಡಿದು ಕೆಳಗಿಳಿದ. ಆದರೂ ಒಳಗೆ ಯಾರೋ ಗುಳುಗುಳು ಬಾಯಿ ಮುಕ್ಕಳಿಸುವ ಸದ್ದು. ಅದು ನಿಂತಮೇಲೆ ಟಿಕ್ ಎಂದಿತು. ಸ್ವಲ್ಪ ಬಿಟ್ಟು ಮತ್ತೆ ಟಿಕ್. ಗದ್ದಲ ಮಾಡುವ ವರ್ಗಕ್ಕೆ ಬಂದ ಮಾಸ್ತರರು ಮೇಜಿನ ಮೇಲೆ ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದುದು ಹೀಗೆಯೇ. ಐದನೆಯ ಇಯತ್ತೆಯಲ್ಲಿ ಅವರ ಕೈಲಿ ಕಲಿತ ಶಶಿಕಾಂತ ತನಗರಿವಿಲ್ಲದೆ ಕೈ ಕಟ್ಟಿ ನಿಂತ.

ಆಮೇಲೆ ಜಕ್ಕಪ್ಪನಿಗೆ ಫೋನು ಮಾಡಿದ. ಜಕ್ಕಪ್ಪ ನಗಲಿಲ್ಲ.

"ಶಶಣ್ಣಾ, ದಿನಾ ಒಂದs ಒಲಿ, ಒಂದs ಹಾಲು ಇದ್ರ, ಉಕ್ಕೂದೂ ಒಂದs ಹೊತ್ತಿಗೆ. ನೀ ಮನಿಯಿಂದ ಹೊಂಟು ಅಷ್ಟು ದೂರ ಬಂದ್ರ ಅದು ಅಲ್ಲೇ ಕಾಯ್ತೈತಿ. ಬ್ಯಾರೆ ಊರಿಂದ ಹೊಂಟಿದ್ರ ಬ್ಯಾರೆಯವರ ಹೊಲದ ಮುಂದ ನಿಂದರತಿತ್ತು. ದೆವ್ವ ಅಲ್ಲ ಅದು, ಲೆಕ್ಕ."

ಮುಚ್ಚಳ ಈಗಲೇ ಮುಟ್ಟಬೇಡ, ತಾಸು ಬಿಟ್ಟು ಒದ್ದೆ ಬಟ್ಟೆ ಹಾಕಿ ಮೆಲ್ಲಗೆ ತಿರುವು, ನೀರು ತುಂಬು ಎಂದು ಹೇಳಿಕೊಟ್ಟ. ನಂತರ ಚಳಿಗಾಲದಲ್ಲಿ ಹಚ್ಚುವ ಹೀಟರನ್ನು ಪೂರ್ತಿ ಹಚ್ಚಿಕೊಂಡು ಇಪ್ಪತ್ತರ ವೇಗದಲ್ಲಿ ಬಾ, ಎಂಜಿನ್ನಿನ ಕಾವು ನಿನ್ನ ಕಡೆಗೆ ಬರುತ್ತದೆ, ಎಂಜಿನ್ ಉಳಿಯುತ್ತದೆ ಎಂದ. ತಾನು ಉಳಿಯುತ್ತೇನೆಯೇ ಎಂದು ಶಶಿಕಾಂತ ಕೇಳುವಷ್ಟರಲ್ಲಿ ಫೋನು ಕಟ್ಟಾಯಿತು.

ನೀರು ಇದ್ದದ್ದು ಸಮಾಧಿಯ ಮಗ್ಗುಲ ತೊಟ್ಟಿಯಲ್ಲಿ ಮಾತ್ರ. ಒಂದು ಗಂಟೆಗೆ ಅವನು ಅದರ ಮುಂದೆ ಡಬ್ಬಿ ಹಿಡಿದು ನಿಂತು, ಮಾಸ್ತರರಲ್ಲಿ ಅಪ್ಪಣೆ ಕೇಳಿದ. ಉತ್ತರ ಬರಲಿಲ್ಲ. ಬರದಿದ್ದದ್ದೇ ದೊಡ್ಡ ಉಪಕಾರವೆಂದು ನೀರು ತುಂಬಿಕೊಂಡು ಓಡಿದ. ಅವಸರದಲ್ಲಿ ಮುಚ್ಚಳವನ್ನು ಒಮ್ಮೆಲೇ ತಿರುವಿದಾಗ, ಆರಿ ಉಗುರುಬೆಚ್ಚಗಾಗಿದ್ದ ನೀರು ಇನ್ನೂ ಉಳಿದ ಒತ್ತಡಕ್ಕೆ ಕಾರಂಜಿಯಂತೆ ಚಿಮ್ಮಿ ಮುಖ ತುಂಬ ಬಡಿಯಿತು. ಮೈ ಸುಡಲಿಲ್ಲ. ಆದರೆ ಕಣ್ಣೊರೆಸಿಕೊಂಡ ಕೈ ಹಳದಿ, ಅಂಗಿ ಹಳದಿ. ಕನ್ನಡಿಯಲ್ಲಿ ಇಣುಕಿದರೆ ಮುಖ ಮಾಗಿದ ಮಾವಿನಂತೆ ಹಳದಿ. ಲಗಮವ್ವ ದೇವರ ಭಂಡಾರ, ಅಂದರೆ ಅರಿಷಿಣದ ಪುಡಿಯನ್ನು, ಮುಷ್ಟಿಗಟ್ಟಲೆ ರೇಡಿಯೇಟರಿಗೆ ಸುರಿದಿದ್ದಳು.

ಅಂಗಿ ಕಳಚಿ ಬನಿಯನ್ನಿನಲ್ಲೇ ಕುಳಿತು, ಒದ್ದೆ ಬಿಳಿ ಟವೆಲ್ಲನ್ನು ತಲೆಗೆ ರುಮಾಲಿನಂತೆ ಸುತ್ತಿ ಹೊರಟ. ಹೀಟರು ಕಮ್ಮಾರನ ತಿದಿಯಂತೆ ಊದಿತು. ಅದರ ಹಳೆಯ ಪೈಪು ಸೋರಿ, ಒಳಗೆಲ್ಲ ಹಬೆ ತುಂಬಿ ಗಾಜು ಮಸುಕಾಯಿತು. ಶಶಿಕಾಂತ ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು, ಕತ್ತು ನೆಟ್ಟಗೆ ಮಾಡಿ, ಆ ಕಡೆ ಈ ಕಡೆ ನೋಡದೆ ಇಪ್ಪತ್ತರ ವೇಗದಲ್ಲಿ ತೇಲುತ್ತ ಹೋದ.

ದಾರಿಯಲ್ಲಿ ಜನ ವಿಚಿತ್ರವಾಗಿ ವರ್ತಿಸಿದರು. ಬಸ್‌ಸ್ಟಾಪಿನಲ್ಲಿ ಕುಳಿತವರು ಒಟ್ಟಿಗೆ ಎದ್ದು ನಿಂತರು. ಕಬ್ಬಿನ ಟ್ರ್ಯಾಕ್ಟರಿನವನು ರಸ್ತೆ ಬಿಟ್ಟು ಹೊಲಕ್ಕಿಳಿಸಿದ. ಒಬ್ಬ ಮುದುಕ ಚಪ್ಪಲಿ ಕಳಚಿ ಕೈ ಮುಗಿದ. ಅಂತೂ ಗಾಡಿ ಓಡಿದ್ದಕ್ಕೆ ಇಷ್ಟು ಮಂದಿಗೆ ಸಂತೋಷವಾಯಿತಲ್ಲ ಎಂದು ಶಶಿಕಾಂತ ಅವರಿಗೂ ತಲೆಯಾಡಿಸಿದ. ಮುದುಕ ಅಲ್ಲೇ ಕುಸಿದು ಕುಳಿತ.

ಗ್ಯಾರೇಜಿನಲ್ಲಿ ಸಂಜಯ ಇರಲಿಲ್ಲ. ಊರ ಹೊರಗಿನ ಚಹಾದಂಗಡಿಯಲ್ಲಿ ಕುಳಿತಿದ್ದವರು, ಈ ಗಾಡಿ ಹಾಯ್ದು ಹೋದಮೇಲೆ ಚಹಾ ಹಾಗೇ ಬಿಟ್ಟು ಮುಧೋಳದ ಬಸ್ಸು ಹತ್ತಿದ್ದರಂತೆ. ಫೋನೂ ಎತ್ತಲಿಲ್ಲ.

ಜಕ್ಕಪ್ಪ ಕೆಲಸಕ್ಕಿಳಿದ. ಥರ್ಮೋಸ್ಟಾಟ್ ಎಂಬ ಸಣ್ಣ ವಾಲ್ವು ತುಕ್ಕು ಹಿಡಿದು ಮುಚ್ಚಿಯೇ ಇತ್ತು. ಎಂಜಿನ್ ಕಾಯ್ದಾಗ ಅದು ತೆರೆದರೆ ತಾನೆ ಕಾದ ನೀರು ರೇಡಿಯೇಟರಿಗೆ ಹೋಗಿ ತಣಿಯುವುದು? ಅದನ್ನು ಬದಲಿಸಿದ, ಸೋರುವ ಪೈಪು ಕಟ್ಟಿದ. ರೇಡಿಯೇಟರಿನ ತಳದಿಂದ ಹಳದಿ ರಾಡಿ ಇಳಿಯುವುದನ್ನು ಕಂಡು, ಬೀರೇಶ್ವರನ ಒಕ್ಕಲಿನವನೇ ಆದ ಜಕ್ಕಪ್ಪ ಮೊದಲು ಕಣ್ಣಿಗೊತ್ತಿಕೊಂಡ, ಆಮೇಲೆ, "ಭಂಡಾರ ಹಣಿ ಮ್ಯಾಲ ಹಚ್ಚೂದಣ್ಣಾ, ಇದರಾಗ ಹಾಕೂದಲ್ಲ" ಎಂದ. ಶಶಿಕಾಂತ ಎರಡು ಸಲ ಸಾಬಾನು ಹಚ್ಚಿ ಮುಖ ತಿಕ್ಕಿ, ಜಕ್ಕಪ್ಪನ ಅಂಗಿ ತೊಟ್ಟು ಮರಳಿದ. ಮಾಸ್ತರರ ಹೊಲ ಬಂತು, ಹೋಯಿತು. ಮುಳ್ಳು ಅಲುಗಲಿಲ್ಲ. ಅವನಿಗೆ ಹಾಡಬೇಕೆನಿಸಿತು.

ಹೊತ್ತು ಮುಳುಗುವ ಮುಂಚೆ ಮನೆ ಮುಟ್ಟಿದರೆ ಓಣಿಗೆ ಓಣಿಯೇ ನೆರೆದಿತ್ತು. ರಾಮಲಿಂಗಪ್ಪ ಮಾಸ್ತರರು ಸ್ವತಃ ಗಾಡಿ ನಡೆಸಿಕೊಂಡು ಜಮಖಂಡಿಗೆ ಹೋದದ್ದನ್ನು ಕಂಡವರೇ ಎಂಟು ಜನ. ತಲೆಗೆ ಬಿಳಿ ರುಮಾಲು, ಸುತ್ತ ಹೊಗೆ, ಅದೇ ನೆಟ್ಟಗಿನ ಕತ್ತು. ಕಾಮಣಿ ರೋಗವಾಗಿ ತೀರಿಹೋದ ದಿನ ಇದ್ದ ಹಾಗೆಯೇ ಹಳದಿ ಮುಖ.

ಅದು ತಾನೇ ಎಂದು ಶಶಿಕಾಂತ ಮೂರು ಸಲ ಹೇಳಿದ. ಲಗಮವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀ ಎಲ್ಲಿ, ಮಾಸ್ತರ ಎಲ್ಲಿ" ಎಂದಳು.

ಅಷ್ಟರಲ್ಲಿ ಜನ ದಾರಿ ಬಿಟ್ಟರು. ಲಕ್ಷ್ಮವ್ವ ಬಂದಿದ್ದರು. ತಲೆ ಬಾಚಿ, ಒಗೆದ ಸೀರೆ ಉಟ್ಟು, ಕೈಯಲ್ಲಿ ರೊಟ್ಟಿಯ ಗಂಟು ಹಿಡಿದಿದ್ದರು.

"ಅವರು ಬಂದಿದ್ದು ಖರೆ ಐತಿ ಶಶಿಕಾಂತ. ಒಂದು ಗಂಟೆಕ್ಕ ನಮ್ಮ ಬಾಗಲ ಮುಂದ ಗಾಡಿ ನಿಂತ ಸಪ್ಪಳಾತು. ನಾ ಹೊರಗ ಬರೂದ್ರಾಗ ಹೋಗಿತ್ತು."

ಅದು ನಾನು ಎಂದು ಹೇಳಲು ಹೊರಟಿದ್ದ ಶಶಿಕಾಂತ ಮನಸ್ಸಿನಲ್ಲೇ ಹೊತ್ತಿನ ಲೆಕ್ಕ ಹಾಕಿದ. ಒಂದು ಗಂಟೆಗೆ ಗಾಡಿ ಹೊಲದ ಮುಂದೆ ಕೆಟ್ಟು ನಿಂತಿತ್ತು. ಕೀಲಿ ಅವನ ಕಿಸೆಯಲ್ಲಿತ್ತು. ಲಕ್ಷ್ಮವ್ವನ ಓಣಿಗೆ ಅವನು ಇಡೀ ದಿನ ಹೋಗಿರಲೇ ಇಲ್ಲ.

ಲಕ್ಷ್ಮವ್ವ ಗಾಡಿಯ ಹಿಂದಿನ ಬಾಗಿಲು ತೆಗೆದು ಒಳಗೆ ಕುಳಿತರು. ಅವರನ್ನು ಮನೆಗೆ ಬಿಟ್ಟು ಬರೋಣವೆಂದು ಶಶಿಕಾಂತ ಮುಂದಿನ ಬಾಗಿಲಿಗೆ ಕೈ ಹಚ್ಚಿದ.

"ಅಲ್ಲಿ ಬ್ಯಾಡಪಾ," ಎಂದರು ಲಕ್ಷ್ಮವ್ವ, ತೀರ ಮೆತ್ತಗೆ. "ಅವರು ಬರ್ತಾರ."

ಶಶಿಕಾಂತ ಕೈ ಹಿಂದೆ ತೆಗೆದ.

ಅಂದಿನಿಂದ ಅವರು ದಿನಾ ಸಂಜೆ ರೊಟ್ಟಿಯ ಗಂಟಿನೊಂದಿಗೆ ಬಂದು ಒಂದು ತಾಸು ಕುಳಿತು ಹೋಗುತ್ತಾರೆ. ಗಾಡಿ ಮತ್ತೆ ಕಾಯ್ದಿಲ್ಲ. ಮಾರುವಂತೆಯೂ ಇಲ್ಲ, ನಡೆಸುವಂತೆಯೂ ಇಲ್ಲ. ಶ್ರೀದೇವಿ ಬಿಳಗಿಯಲ್ಲೇ ಇದ್ದಾಳೆ. ಶಶಿಕಾಂತ ಅವಳನ್ನು ಒಲಿಸಲು ವಾರಕ್ಕೊಮ್ಮೆ ಬಸ್ಸು ಹಿಡಿಯುತ್ತಾನೆ.

ಮೊನ್ನೆ ಬಸ್ಸು ಆ ಹೊಲ ದಾಟುವಾಗ ಪಕ್ಕದಲ್ಲಿದ್ದ ಅಪರಿಚಿತನೊಬ್ಬ, ಅಂದು ಗಾಡಿ ನಡೆಸಿದವರನ್ನು ತಾನು ಒಂದು ಮಾರು ದೂರದಿಂದ ಕಂಡದ್ದಾಗಿ ಹೇಳಿದ. ಮುಖದಲ್ಲಿ ಎಂಥ ಕಳೆಯೆಂದರೆ, ಮನುಷ್ಯರಿಗೆ ಬರುವಂಥದಲ್ಲವಂತೆ.

"ನಿಮಗ ನಂಬಿಕಿ ಬರೂದಿಲ್ಲೇನ್ರಿ?" ಎಂದು ಕೊನೆಗೆ ಕೇಳಿದ.

ಶಶಿಕಾಂತ ಕಿಟಕಿಯಾಚೆಗಿನ ಸಮಾಧಿಯ ಕಡೆ ನೋಡಲಿಲ್ಲ.

"ಬರ್ತೈತ್ರಿ," ಎಂದ.